ಪಂಕ್ ರಾಕ್ ಕೆಲವ್ರಿಗೆ ಪ್ರಾಣ, ಕೆಲವ್ರಿಗೆ ತಲೆನೋವು: ನೀವು ಯಾವ ಕಡೆ ಅಂತ ಕಂಡ್ಕೊಳ್ಳೋದು ಹೇಗೆ

ಪಂಕ್ ರಾಕ್ (1970ರ ದಶಕದ ನಡುವೆ ನ್ಯೂಯಾರ್ಕು, ಲಂಡನ್ ಕಡೆ ಎದ್ದ ಚಿಕ್ಕ, ವೇಗದ, ಒರಟು ರಾಕ್ ಹಾಡುಗಳ ಸಂಗೀತ) ವಿಷ್ಯದಲ್ಲಿ ‘ಪರ್ವಾಗಿಲ್ಲ, ಕೇಳ್ಬಹುದು’ ಅನ್ನೋರು ಸಿಗೋದೇ ಕಮ್ಮಿ. ಒಂದೋ ಅದಕ್ಕೆ ಪ್ರಾಣ ಬಿಡ್ತಾರೆ, ಇಲ್ಲಾಂದ್ರೆ ಅರ್ಧ ನಿಮಿಷ ಆಗೋಷ್ಟ್ರಲ್ಲಿ ‘ಆಫ್ ಮಾಡ್ ಗುರು, ತಲೆ ಚಿಟ್ ಹಿಡೀತು’ ಅಂತಾರೆ. ಅದ್ರಲ್ಲೂ ನಮ್ಮ ಬೆಂಗ್ಳೂರಲ್ಲಿ ರಾಕ್ ಕೇಳ್ಕೊಂಡು ಬೆಳೆದೋರು ಜಾಸ್ತಿ ಮೆಟಲ್ (ಭಾರೀ ಗಿಟಾರ್ ಸದ್ದಿನ ರಾಕ್) ಕಡೆಯವ್ರು, 2007ರಲ್ಲಿ ಅರಮನೆ ಮೈದಾನಕ್ಕೆ ಐರನ್ ಮೇಡನ್ ಬಂದಿದ್ದು, 2011ರಲ್ಲಿ ಅಲ್ಲೇ ಮೆಟಾಲಿಕಾ ನೋಡಿದ್ದು ಇವತ್ತಿಗೂ ಹೇಳ್ಕೊಂಡು ಖುಷಿಪಡೋ ಜನ, ಗಿಟಾರ್ ಸೋಲೋ ಅಂದ್ರೆ ಕಣ್ಮುಚ್ಚಿ ಗಾಳೀಲಿ ಬೆರಳಾಡ್ಸೋ ಜನ, ಅವ್ರ ಮುಂದೆ ಪಂಕ್ ಅಂದ್ರೆ ‘ಮೂರು ಕಾರ್ಡ್ (ಒಟ್ಟಿಗೆ ಬಾರ್ಸೋ ಸ್ವರಗಳ ಗುಂಪು) ಬಾರ್ಸೋಕೂ ಬರ್ದೇ ಇರೋರ ಗಲಾಟೆ’ ಅಂತ ಒಂದೇ ಮಾತಲ್ಲಿ ಮುಗಿಸಿಬಿಡ್ತಾರೆ.

ನಾನು ಪಂಕ್ ಇಷ್ಟಪಡೋ ಪೈಕಿ. ಆದ್ರೂ ಹೇಳ್ತೀನಿ, ಇಷ್ಟ ಇಲ್ಲ ಅನ್ನೋರ ತಕರಾರು ಸುಳ್ಳಲ್ಲ. ಸಮಸ್ಯೆ ಏನಂದ್ರೆ ಅದು ಒಂದು ತಕರಾರಲ್ಲ, ನಾಲ್ಕೈದು ಬೇರೆಬೇರೆ ತಕರಾರನ್ನ ಒಂದೇ ಗಂಟು ಕಟ್ಟಿ ‘ಪಂಕ್ ಚೆನ್ನಾಗಿಲ್ಲ’ ಅಂತಾರೆ. ಗಂಟು ಬಿಚ್ಚಿ ನೋಡಿದ್ರೆ ಮಜಾ ಇದೆ, ಆ ತಕರಾರುಗಳನ್ನ ಪಂಕ್ ಒಳಗಿರೋರೇ ಹೆಚ್ಚುಕಮ್ಮಿ ಶುರುವಿಂದಲೇ ಎತ್ತಿದ್ರು, ಒಬ್ರಿಗೊಬ್ರು ಬೈದಾಡ್ಕೊಂಡ್ರು, ಅದಕ್ಕೆ ಜವಾಬು ಅಂತ ಒಂದೊಂದು ರೆಕಾರ್ಡೂ ಮಾಡಿಟ್ರು. ಹಾಗಾಗಿ ನಿಮ್ಗೆ ಎಲ್ಲಿ ಉರಿಯತ್ತೋ ಅಲ್ಲಿಂದಾನೇ ಶುರು ಮಾಡಿದ್ರೆ ಪಂಕ್ ನಿಮ್ಗಾ ಅಲ್ವಾ ಅನ್ನೋದು ಬೇಗ ಗೊತ್ತಾಗತ್ತೆ. ಕೆಳಗಿರೋದು ಅದಕ್ಕೇ ಒಂದು ದಾರಿ.

ಹೆಜ್ಜೆ 1: ಹೆಡ್‌ಫೋನ್ ಹಾಕ್ಕೊಂಡು ಒಂದು ಕಿವಿ ತೆಗೀರಿ

ನ್ಯೂಯಾರ್ಕಿನ ಕ್ವೀನ್ಸ್ ಏರಿಯಾದ ರಮೋನ್ಸ್ ಅನ್ನೋ ಬ್ಯಾಂಡಿನ ಮೊದಲನೇ ಆಲ್ಬಮ್ ಹುಡ್ಕಿ. ಆಲ್ಬಮ್ ಹೆಸ್ರೂ ‘ರಮೋನ್ಸ್’ ಅಂತ್ಲೇ, ಏಪ್ರಿಲ್ 1976ರದ್ದು. 14 ಹಾಡು, ಎಲ್ಲಾ ಸೇರಿ 29 ನಿಮಿಷ, ಖರ್ಚು ಸುಮಾರು 6,400 ಡಾಲರ್, ಕೆಲ್ಸ ಮುಗಿದಿದ್ದು ಒಂದು ವಾರದಲ್ಲಿ, ಅದೂ ದೊಡ್ಡ ಬ್ಯಾಂಡ್‌ಗಳು ಸ್ಟುಡಿಯೋ ಹೊಕ್ಕರೆ ತಿಂಗಳುಗಟ್ಲೆ ಹೊರಗೇ ಬರ್ತಿರ್ಲಿಲ್ಲ ಅನ್ನೋ ಕಾಲದಲ್ಲಿ.

ದಯವಿಟ್ಟು ಫೋನ್ ಸ್ಪೀಕರಲ್ಲಿ ಕೇಳ್ಬೇಡಿ. ಈ ರೆಕಾರ್ಡಲ್ಲಿ ಗಿಟಾರ್ ಪೂರ್ತಿ ಬಲಗಡೆ ಇದೆ, ಬಾಸ್ ಎಡಗಡೆ, ಡ್ರಮ್ಸು ಮತ್ತು ಹಾಡೋ ದನಿ ನಡುವೆ. ಫೋನ್ ಸೆಟ್ಟಿಂಗ್ಸಲ್ಲಿ ಮೋನೋ ಆಡಿಯೋ ಅಂತ ಒಂದಿರತ್ತೆ, ಆನ್ ಇದ್ರೆ ಆಫ್ ಮಾಡಿ. 2016ರಲ್ಲಿ ಬಂದ 40ನೇ ವರ್ಷದ ಎಡಿಷನ್ನಲ್ಲಿ ಮೋನೋ ಮಿಕ್ಸೂ ಇದೆ, ಅದು ಬೇಡ, ಹಳೇ ಸ್ಟೀರಿಯೋನೇ ಬೇಕು.

ಮೊದಲನೇ ಹಾಡು ‘ಬ್ಲಿಟ್ಸ್‌ಕ್ರೀಗ್ ಬಾಪ್’ ಒಂದ್ಸಲ ಪೂರ್ತಿ ಕೇಳಿ, ಎರಡು ಕಾಲು ನಿಮಿಷಾನೂ ಇಲ್ಲ. ಆಮೇಲೆ ಬಲಗಿವಿದು ತೆಗೆದಿಟ್ಟು ಅದೇ ಹಾಡು ಮತ್ತೆ ಹಾಕಿ (ಕೆಲವು ಇಯರ್‌ಬಡ್ ತೆಗೆದ ತಕ್ಷಣ ಹಾಡು ನಿಂತ್ಹೋಗತ್ತೆ, ಆ ಆಪ್ಷನ್ ಆಫ್ ಮಾಡಿ, ಇಲ್ಲಾ ಬ್ಯಾಲೆನ್ಸ್ ಒಂದು ಕಡೆಗೆ ಎಳೀರಿ). ಗಿಟಾರ್ ಹೆಚ್ಚುಕಮ್ಮಿ ಮಾಯ. ಉಳಿಯೋದು ಬಾಸು, ಡ್ರಮ್ಸು, ಜೋಯಿ ರಮೋನ್ ದನಿ. ಈಗ ಕೇಳಿಸ್ತಿರೋದು 1960ರ ದಶಕದ ಒಂದು ಮುದ್ದಾದ ಪಾಪ್ ಹಾಡು. ಜೋಯಿಗೆ ಆ ಕಾಲದ ಹೆಣ್ಮಕ್ಕಳ ಹಾಡುಗುಂಪುಗಳು ಅಂದ್ರೆ, ಅದ್ರಲ್ಲೂ ರೋನಿ ಸ್ಪೆಕ್ಟರ್ ದನಿ ಅಂದ್ರೆ ಭಾರೀ ಇಷ್ಟ. ಹಾಡಿನ ಶುರುವಲ್ಲಿ ಬರೋ ಕೂಗಿಗೆ ಪ್ರೇರಣೆ ಬೇ ಸಿಟಿ ರೋಲರ್ಸ್ ಅನ್ನೋ ಹದಿಹರೆಯದವ್ರ ಪಾಪ್ ಬ್ಯಾಂಡು ಅಂತ ಡ್ರಮ್ಮರ್ ಟಾಮಿ ರಮೋನ್ ತಾನೇ ಹೇಳಿದ್ದ. ಲೆದರ್ ಜಾಕೆಟ್ ನೋಡಿ ಹೆದರ್ಕೊಂಡವ್ರಿಗೆ ಇದು ಗೊತ್ತಿರಲ್ಲ.

ಈಗ ಎಡಗಿವಿದು ತೆಗೆದು ಬಲಗಿವಿಗೆ ಮಾತ್ರ ಹಾಕಿ. ಗಿಟಾರ್ ಗರಗಸ. ಒಂದೇ ಸಮ, ಉಸಿರು ಬಿಡಕ್ಕೂ ಜಾಗ ಇಲ್ಲ.

ಈ ಎರಡರಲ್ಲಿ ನಿಮ್ಗೆ ಹಿಂಸೆ ಆಗಿದ್ದು ಯಾವ್ದು? ಎಡಗಡೆ ಚೆನ್ನಾಗಿದೆ, ಬಲಗಡೆ ಬೇಡ ಅನ್ಸಿದ್ರೆ ನಿಮ್ಮ ಜಗಳ ಸದ್ದಿನ ಜೊತೆ, ಹಾಡಿನ ಜೊತೆ ಅಲ್ಲ. ಉಲ್ಟಾ ಆದ್ರೆ, ಅಂದ್ರೆ ಗಿಟಾರ್ ಮಸ್ತಾಗಿದೆ ಆದ್ರೆ ಮೇಲಿನ ದನಿ ಸಪ್ಪೆ ಅನ್ಸಿದ್ರೆ, ನೀವು ಸೀದಾ 5ನೇ ಹೆಜ್ಜೆಗೆ ಹಾರಿ, ನಿಮ್ಗೆ ಅಲ್ಲಿ ಊಟ ಇದೆ. ಎರಡೂ ಇಷ್ಟ ಆಯ್ತಾ? ಮುಗೀತು, ಈ ಲೇಖನ ಬಿಟ್ಟು ಉಳಿದ 13 ಹಾಡು ಕೇಳೋಕೆ ಹೋಗಿ.

ಹೆಜ್ಜೆ 2: ಕೈ ನೋಯೋ ಪರೀಕ್ಷೆ

‘ಬಾರ್ಸೋಕೇ ಬರಲ್ಲ’ ಅನ್ನೋರಿಗೆ ಇದು. ಫೋನಲ್ಲಿ ಒಂದು ಮೆಟ್ರೊನೋಮ್ (ಟಿಕ್ ಟಿಕ್ ಅಂತ ತಾಳ ಹಾಕೋ) ಆ್ಯಪ್ ಹಾಕ್ಕೊಂಡು ನಿಮಿಷಕ್ಕೆ 175 ಟಿಕ್‌ಗೆ ಇಡಿ, ಆ ಹಾಡಿನ ವೇಗ ಅಷ್ಟೇ ಆಸುಪಾಸು. ಪ್ರತಿ ಟಿಕ್‌ಗೆ ಎರಡು ಸಲ, ಮೇಜಿನ ಮೇಲೆ ಬೆರಳಿಂದ ಮೇಲಿಂದ ಕೆಳಕ್ಕೇ ಹೊಡೀರಿ. ಸೆಕೆಂಡಿಗೆ ಹತ್ತಿರ ಹತ್ತಿರ 6 ಏಟು. ಎರಡು ನಿಮಿಷ ನಿಲ್ಲಿಸ್ದೇ ಮಾಡಿ, ಗತಿ ತಪ್ಪಬಾರ್ದು, ಜೋರು ಕಮ್ಮಿ ಆಗಬಾರ್ದು.

ಸಾಮಾನ್ಯವಾಗಿ ಗಿಟಾರ್ ಬಾರ್ಸೋರು ಕೈ ಕೆಳಗೆ ಹೋದಾಗ ಒಂದು, ಮೇಲೆ ಬಂದಾಗ ಇನ್ನೊಂದು ಏಟು ತಗೋತಾರೆ, ಅರ್ಧ ಶ್ರಮ ಉಳಿಯತ್ತೆ. ರಮೋನ್ಸ್ ಗಿಟಾರ್ ಬಾರಿಸ್ತಿದ್ದ ಜಾನಿ ರಮೋನ್ ಅನ್ನೋ ಮಹರಾಯ ಎಲ್ಲಾನೂ ಕೆಳಮುಖವಾಗೇ ಹೊಡೀತಿದ್ದ, ಇಡೀ ಶೋ. 1977 ಡಿಸೆಂಬರ್ 31ಕ್ಕೆ ಲಂಡನ್ನಿನ ರೇನ್‌ಬೋ ಥಿಯೇಟರಲ್ಲಿ ರೆಕಾರ್ಡ್ ಮಾಡಿದ ‘ಇಟ್ಸ್ ಅಲೈವ್’ ಲೈವ್ ಆಲ್ಬಮ್ ಇದೆ, 28 ಹಾಡು, ಒಂದು ಗಂಟೆ ಒಳಗೆ. ಒಂದು ಹಾಡು ಮುಗೀತಿದ್ದ ಹಾಗೇ ಬಾಸ್ ಬಾರ್ಸೋ ಡೀ ಡೀ ‘ಒನ್ ಟೂ ತ್ರೀ ಫೋರ್’ ಅಂತ ಕಿರುಚ್ತಾನೆ, ಮುಂದಿಂದು ಶುರು. ಮೇಲೆ ಮೇಜು ಕುಟ್ಟಿ ಮೊಣಕೈ ಹಿಡಿದುಕೊಂಡ್ರಲ್ಲ, ಅದನ್ನ ನೆನಪಿಟ್ಕೊಂಡು ಇದನ್ನ ಕೇಳಿ.

ಇದು ಬೇರೆ ಥರದ ಕಸುಬು ಅಷ್ಟೇ. ಸೋಲೋ ಬಾರ್ಸೋನ ಬೆರಳ ಚಳಕ ಕಣ್ಣಿಗೆ ಕಾಣತ್ತೆ, ಇದು ಕಾಣಲ್ಲ. ಅದಕ್ಕೇ ಪಂಕ್ ಬಗ್ಗೆ ಅರ್ಧ ಜಗಳ ನಡಿಯೋದು, ಯಾವ್ದನ್ನ ಶ್ರಮ ಅಂತ ಲೆಕ್ಕಕ್ಕೆ ತಗೋಬೇಕು ಅನ್ನೋದ್ರ ಮೇಲೇ.

ಹೆಜ್ಜೆ 3: ನಿಮ್ಮ ತಕರಾರಿಗೆ ಒಂದು ಹೆಸ್ರಿಡಿ, ಅದಕ್ಕೆ ತಕ್ಕ ರೆಕಾರ್ಡ್ ಹಾಕಿ

ಇದೇ ಮುಖ್ಯವಾದ್ದು, ಸ್ವಲ್ಪ ಉದ್ದ ಆಗತ್ತೆ, ನಿಮ್ಗೆ ಬೇಕಾದ್ದು ಓದ್ಕೊಳ್ಳಿ.

*‘ದನಿ ಸರಿ ಇಲ್ಲ, ಶ್ರುತಿ ಇಲ್ಲ.’* ನಮ್ಮಲ್ಲಿ ಚಿಕ್ಕಂದಿನಿಂದ ಸಂಗೀತ ಕಿವಿಗೆ ಬಿದ್ದಿರತ್ತೆ, ಮನೇಲಿ ಯಾರಾದ್ರೂ ಸರಳೆ ಜಂಟಿ ವರಸೆ ಹಾಡಿರ್ತಾರೆ, ಹಾಗಾಗಿ ಈ ತಕರಾರು ನಮ್ಮ ಜನಕ್ಕೆ ಸಹಜ. ಇದಕ್ಕೊಂದು ಕಾರಣಾನೂ ಇದೆ. ಪಂಕ್ ಗಿಟಾರಲ್ಲಿ ಜಾಸ್ತಿ ಬಾರ್ಸೋದು ಪವರ್ ಕಾರ್ಡ್, ಅಂದ್ರೆ ಬರೀ ಸ ಮತ್ತು ಪ. ಗಾಂಧಾರ ಇಲ್ಲ. ಅಂತರ ಗಾಂಧಾರನಾ ಸಾಧಾರಣ ಗಾಂಧಾರನಾ ಅನ್ನೋದ್ರ ಮೇಲೆ ತಾನೇ ಆ ಕಾರ್ಡು ನಗತ್ತಾ ಅಳತ್ತಾ ಅಂತ ಗೊತ್ತಾಗೋದು, ಅದೇ ಇಲ್ಲ ಅಂದ್ರೆ ಗಿಟಾರು ತಂಬೂರಿ ಥರ ಸ ಪ ಸ ಪ ಅಂತ ಹಿಂದೆ ನಿಂತಿರತ್ತೆ, ಏನಿದ್ರೂ ಭಾವ ತುಂಬೋ ಕೆಲ್ಸ ಪೂರ್ತಿ ಹಾಡೋನ ಮೇಲೆ. (ಡಿಸ್ಟಾರ್ಷನ್, ಅಂದ್ರೆ ಗಿಟಾರ್ ಸದ್ದನ್ನ ಬೇಕಂತ್ಲೇ ಒಡೆಯೋದು, ಹಾಕಿದಾಗ ಗಾಂಧಾರ ಸೇರ್ಸಿದ್ರೆ ಸದ್ದು ರಾಡಿ ಆಗತ್ತೆ, ಅದಕ್ಕೇ ಬಿಡೋದು.) ಅಂಥಾ ಜಾಗದಲ್ಲಿ ಹಾಡೋನು ಬರೀ ಕಿರುಚಿದ್ರೆ ಕಿವಿಗೆ ಹಿಡ್ಕೊಳ್ಳೋಕೆ ಏನೂ ಸಿಗಲ್ಲ. ನಿಮ್ಗೆ ಸಿಗ್ಬೇಕು ಅಂದ್ರೆ ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ಕೇಳಿ, ‘ಸಿಂಗಲ್ಸ್ ಗೋಯಿಂಗ್ ಸ್ಟೆಡಿ’ ಅಂತ 1979ರ ಸಂಕಲನ. ಪೀಟ್ ಶೆಲಿ ದೊಡ್ಡ ಗಾಯಕ ಏನಲ್ಲ, ಆದ್ರೆ ಆ ಟ್ಯೂನುಗಳು ಸ್ನಾನ ಮಾಡುವಾಗ ತಾವಾಗೇ ಬಾಯಿಗೆ ಬರತ್ವೆ. ಹಾಡುಗಳೆಲ್ಲಾ ಕೈಕೊಟ್ಟ ಪ್ರೀತಿ, ಒಪ್ಪದ ಪ್ರೀತಿ, ಸುಮ್ನೆ ಬೇಜಾರು, ಇಂಥವೇ. ರಾಜಕೀಯ ಬೇಡ ಅನ್ನೋರಿಗೂ ಇದು ಆಗತ್ತೆ.

*‘ಕೈಚಳಕ ಇಲ್ಲ, ಸೋಲೋ ಇಲ್ಲ.’* ಬಜ್‌ಕಾಕ್ಸ್‌ನವ್ರದ್ದೇ ಮೊದಲ ರೆಕಾರ್ಡು ‘ಸ್ಪೈರಲ್ ಸ್ಕ್ರಾಚ್’ ಜನವರಿ 1977ರಲ್ಲಿ ಬಂತು, ಅದ್ರಲ್ಲಿ ‘ಬೋರ್ಡಮ್’ ಅನ್ನೋ ಹಾಡಿನ ಗಿಟಾರ್ ಸೋಲೋಲಿ ಇರೋದು ಎರಡೇ ಸ್ವರ, ಅದನ್ನೇ ಮತ್ತೆ ಮತ್ತೆ ಬಾರಿಸ್ತಾ ಹೋಗ್ತಾನೆ. ಬರ್ದೇ ಇದ್ದಿದ್ದಕ್ಕೆ ಅಲ್ಲ, ಸೋಲೋ ಅನ್ನೋದನ್ನೇ ಕಿಚಾಯಿಸೋಕೆ. ಈ ಜೋಕು ನಿಮ್ಗೆ ನಗು ತರ್ಸಿದ್ರೆ ನೀವು ಪಂಕ್ ಕಡೆ ಒಂದು ಕಾಲಿಟ್ರಿ ಅಂತ ಅರ್ಥ, ಸಿಟ್ಟು ಬಂದ್ರೆ ಅದೂ ನ್ಯಾಯಾನೇ, ನಿಮ್ಗೆ ಬೇರೆ ಎರಡು ಮದ್ದು ಇದಾವೆ. ಒಂದು, ಟೆಲಿವಿಷನ್ ಅನ್ನೋ ಬ್ಯಾಂಡಿನ ‘ಮಾರ್ಕೀ ಮೂನ್’, 1977ರದ್ದೇ, ರಮೋನ್ಸ್ ಬಾರಿಸ್ತಿದ್ದ ನ್ಯೂಯಾರ್ಕಿನ ಅದೇ ಸಿಬಿಜಿಬಿ ಕ್ಲಬ್ಬಲ್ಲಿ ಬೆಳೆದ ಬ್ಯಾಂಡು, ಆದ್ರೆ ಟೈಟಲ್ ಹಾಡು ಒಂದೇ ಹತ್ತಿರ ಹತ್ತಿರ ಹತ್ತು ನಿಮಿಷ, ಟಾಮ್ ವರ್ಲೇನ್ ಮತ್ತು ರಿಚರ್ಡ್ ಲಾಯ್ಡ್ ಎರಡು ಗಿಟಾರ್ ಇಟ್ಕೊಂಡು ಮಾತಾಡ್ಕೊಂಡ ಹಾಗೆ ಬಾರಿಸ್ತಾರೆ. ಎರಡು, ವಾಷಿಂಗ್ಟನ್ನಿನ ಬ್ಯಾಡ್ ಬ್ರೇನ್ಸ್, 1982ರ ಮೊದಲ ಆಲ್ಬಮ್. ನಾಲ್ಕೂ ಜನ ಕಪ್ಪು ಹುಡುಗ್ರು, ಶುರು ಮಾಡಿದ್ದು ಜಾಸ್ ಫ್ಯೂಷನ್ ಬ್ಯಾಂಡಾಗಿ, ಆಮೇಲೆ ಪಂಕ್ ಕೇಳಿ ರಮೋನ್ಸ್ ಹಾಡೊಂದರಿಂದ ಹೆಸ್ರು ತಗೊಂಡು ಈ ಕಡೆ ತಿರುಗಿದ್ರು. ಆ ವೇಗದಲ್ಲಿ ಅಷ್ಟು ಕ್ಲೀನಾಗಿ ನಿಂತು ನಿಂತು ತಿರುಗೋ ಬ್ಯಾಂಡು ಮೆಟಲ್‌ನಲ್ಲೂ ಕಮ್ಮಿ. ನಡುನಡುವೆ ಇದ್ದಕ್ಕಿದ್ದ ಹಾಗೆ ಜಮೈಕಾ ಶೈಲಿಯ ನಿಧಾನದ ರೆಗ್ಗೇ ಹಾಡು ಬರತ್ತೆ, ಪ್ಲೇಯರ್ ಕೆಟ್ಟೋಯ್ತು ಅನ್ಕೋಬೇಡಿ.

*‘ಎಲ್ಲಾ ಒಂದೇ ಥರ.’* ಇದು ನನ್ನ ಪ್ರಕಾರ ಎಲ್ಲಕ್ಕಿಂತ ಗಟ್ಟಿ ತಕರಾರು, ಯಾಕಂದ್ರೆ ಸಾವಿರಾರು ಬ್ಯಾಂಡ್‌ಗಳ ವಿಷ್ಯದಲ್ಲಿ ಇದು ನಿಜಾನೇ. ನಕಲು ಮಾಡೋದು ಸುಲಭ ಆಗಿರೋ ಯಾವ ಸಂಗೀತಕ್ಕೂ ಈ ಗತಿ ಬರತ್ತೆ. ಆದ್ರೆ ಚೆನ್ನಾಗಿರೋರು ಬೇಗ ಬೇಜಾರು ಮಾಡ್ಕೊಂಡ್ರು. ದ ಕ್ಲಾಶ್ ಬ್ಯಾಂಡು 1977ರ ಮೊದಲ ಆಲ್ಬಮಲ್ಲೇ ಜಮೈಕಾದ ಒಂದು ರೆಗ್ಗೇ ಹಾಡನ್ನ ಎತ್ಕೊಂಡು ಹಾಡಿತ್ತು, 1979ರ ಡಿಸೆಂಬರಲ್ಲಿ ಬಂದ ‘ಲಂಡನ್ ಕಾಲಿಂಗ್’ ಅಂತೂ 19 ಹಾಡಿನ ಜೋಡಿ ಆಲ್ಬಮ್, ರೆಗ್ಗೇ, ಸ್ಕಾ, ರಾಕಬಿಲಿ, ಸ್ವಲ್ಪ ಜಾಸ್, ಏನುಂಟು ಏನಿಲ್ಲ. ಅದನ್ನ ಒಂದು ಆಲ್ಬಮ್ ರೇಟಿಗೇ ಮಾರಿದ್ರು. ಪಂಕ್‌ನ ಒಂದೇ ಒಂದು ಆಲ್ಬಮ್ ಕೇಳ್ತೀನಿ, ಅದಕ್ಕಿಂತ ಜಾಸ್ತಿ ಟೈಮ್ ಇಲ್ಲ ಅನ್ನೋರಿಗೆ ನಾನು ಇದನ್ನೇ ಕೊಡೋದು. ಇನ್ನೂ ಸ್ವಲ್ಪ ವಿಚಿತ್ರ ಬೇಕಾ, ವೈರ್ ಬ್ಯಾಂಡಿನ ‘ಪಿಂಕ್ ಫ್ಲಾಗ್’, 21 ಹಾಡು ಸುಮಾರು 35 ನಿಮಿಷಕ್ಕೆ, ಒಂದಂತೂ ಅರ್ಧ ನಿಮಿಷಾನೂ ಇಲ್ಲ, ಹೇಳಕ್ಕಿದ್ದದ್ದು ಮುಗಿದ ತಕ್ಷಣ ಹಾಡೂ ನಿಂತ್ಹೋಗತ್ತೆ. ಸ್ಯಾಕ್ಸೋಫೋನ್ ಇಷ್ಟ ಇದ್ರೆ ಎಕ್ಸ್-ರೇ ಸ್ಪೆಕ್ಸ್, ಪಾಲಿ ಸ್ಟೈರಿನ್ ಅನ್ನೋ ಹುಡುಗಿ ಹಲ್ಲಿಗೆ ಕ್ಲಿಪ್ ಹಾಕ್ಕೊಂಡು ಪ್ಲಾಸ್ಟಿಕ್ಕು, ಜಾಹೀರಾತು, ಶಾಪಿಂಗು ಇದ್ರ ಬಗ್ಗೆ 1978ರಲ್ಲಿ ಹಾಡಿದ್ದು ಇವತ್ತು ರೀಲ್ಸ್ ನೋಡ್ತಾ ಕೂತಾಗ ಚುಚ್ಚತ್ತೆ.

*‘ಪೊಗರು, ಬೈಗುಳ, ಮೇಲೆ ಸ್ವಸ್ತಿಕ ಬೇರೆ.’* ಇದನ್ನ ತೇಲಿಸಿ ಬಿಡೋಕಾಗಲ್ಲ. ಲಂಡನ್ ಪಂಕ್ ಶುರುವಿನ ದಿನಗಳಲ್ಲಿ ಅಲ್ಲಿನ ಪಂಕ್ ಕಲಾವಿದರಾದ ಸಿಡ್ ವಿಷಸ್, ಸೂಕ್ಸಿ ಥರದವ್ರು ನಾಝಿ ಗುರುತು ಹಾಕ್ಕೊಂಡು ಓಡಾಡಿದ್ರು, ಅಪ್ಪ ಅಮ್ಮನ ಕಾಲದವ್ರಿಗೆ ಶಾಕ್ ಕೊಡೋಕೆ ಅಂತ. ಮೂವತ್ತು ವರ್ಷದ ಹಿಂದೆ ತಮ್ಮೂರಿಗೇ ಬಾಂಬ್ ಬಿದ್ದಿರೋ ಜಾಗದಲ್ಲಿ. ಶಾಕ್‌ಗೋಸ್ಕರ ಮಾಡಿದ್ದು ಅಂದ್ರೂ ಅದು ಹೊಲಸೇ, ಆಮೇಲೆ ನಿಜವಾದ ಜನಾಂಗದ್ವೇಷಿಗಳೂ ಕೆಲವು ಶೋಗಳಿಗೆ ಬರೋಕೆ ಶುರು ಮಾಡಿದ್ರು. ಈ ಕಾರಣಕ್ಕೆ ಪಂಕ್ ಬೇಡ ಅನ್ನೋರ ಜೊತೆ ನಾನು ವಾದ ಮಾಡಲ್ಲ. ಆದ್ರೆ ಕಥೆಯ ಇನ್ನರ್ಧಾನೂ ಕೇಳಿ. 1976ರ ಆಗಸ್ಟಲ್ಲಿ ಬರ್ಮಿಂಗ್‌ಹ್ಯಾಮಲ್ಲಿ ಎರಿಕ್ ಕ್ಲ್ಯಾಪ್ಟನ್, ಹೌದು ಅದೇ ಗಿಟಾರ್ ದೇವ್ರು, ವೇದಿಕೆ ಮೇಲಿಂದ ವಲಸಿಗರ ವಿರುದ್ಧ ಕೆಟ್ಟದಾಗಿ ಮಾತಾಡಿದ, ಅದಕ್ಕೆ ರೊಚ್ಚಿಗೆದ್ದು ಹುಟ್ಟಿದ್ದು ರಾಕ್ ಅಗೇನ್‌ಸ್ಟ್ ರೇಸಿಸಂ ಅನ್ನೋ ಚಳವಳಿ. 1978 ಏಪ್ರಿಲ್ 30ಕ್ಕೆ ಟ್ರಫಾಲ್ಗರ್ ಸ್ಕ್ವೇರಿಂದ ವಿಕ್ಟೋರಿಯಾ ಪಾರ್ಕ್ ತನಕ ಮೆರವಣಿಗೆ ಹೋಗಿ ಅಲ್ಲಿ ದ ಕ್ಲಾಶ್, ಎಕ್ಸ್-ರೇ ಸ್ಪೆಕ್ಸ್, ಜೊತೆಗೆ ರೆಗ್ಗೇ ಬ್ಯಾಂಡ್ ಸ್ಟೀಲ್ ಪಲ್ಸ್ ಒಂದೇ ವೇದಿಕೇಲಿ ಬಾರ್ಸಿದ್ರು. ಮರುವರ್ಷ ಲಂಡನ್ನಲ್ಲಿ ಏಲಿಯನ್ ಕಲ್ಚರ್ ಅನ್ನೋ ಬ್ಯಾಂಡ್ ಬಂತು, ನಾಲ್ಕರಲ್ಲಿ ಮೂರು ಜನ ಪಾಕಿಸ್ತಾನಿ ಮೂಲದ ಮನೆ ಹುಡುಗ್ರು. ಬೇರೆ ಸಂಸ್ಕೃತಿಯವ್ರು ನಮ್ಮನ್ನ ಮುಳುಗಿಸಿಬಿಡ್ತಾರೆ ಅಂತ ಮಾರ್ಗರೆಟ್ ಥ್ಯಾಚರ್ 1978ರಲ್ಲಿ ಟೀವಿಲಿ ಆಡಿದ ಮಾತನ್ನೇ ಹೆಸರಾಗಿ ತಿರುಗಿಸಿ ಇಟ್ಕೊಂಡ್ರು. ಎರಡೇ ವರ್ಷಕ್ಕೆ ನಿಂತ್ಹೋಯ್ತು, ಪಾಪ.

*‘ಎಲ್ಲಾ ವೇಷ, ಎಲ್ಲಾ ಬಿಸಿನೆಸ್ಸು.’* ಲಂಡನ್ನಿನ ಸೆಕ್ಸ್ ಪಿಸ್ಟಲ್ಸ್ ಬ್ಯಾಂಡಿನ ವಿಷ್ಯದಲ್ಲಿ ಇದನ್ನ ಅಲ್ಲಗಳೆಯೋದು ಕಷ್ಟ. ಮ್ಯಾನೇಜರ್ ಮ್ಯಾಲ್ಕಮ್ ಮೆಕ್ಲಾರೆನ್‌ಗೆ ಲಂಡನ್ನಿನ ಕಿಂಗ್ಸ್ ರೋಡಲ್ಲಿ ವಿವಿಯನ್ ವೆಸ್ಟ್‌ವುಡ್ ಜೊತೆ ಬಟ್ಟೆ ಅಂಗಡಿ ಇತ್ತು, ಬ್ಯಾಂಡು ಬೆಳೆದಿದ್ದೇ ಅಂಗಡಿ ಸುತ್ತ. 1976 ಡಿಸೆಂಬರ್ 1ಕ್ಕೆ ಟೀವಿ ಲೈವಲ್ಲಿ ನಿರೂಪಕ ಬಿಲ್ ಗ್ರಂಡಿ ಕೆಣಕಿದ್ದಕ್ಕೆ ಬೈಗುಳ ಸುರಿಸಿ ರಾತ್ರೋರಾತ್ರಿ ಪೇಪರ್ ತುಂಬಾ ಅವ್ರೇ ಆದ್ರು. ಅವ್ರ ರೆಕಾರ್ಡ್ ಕಂಪ್ನಿ ಇಎಂಐ ಕೈಬಿಡ್ತು, ಎ ಅಂಡ್ ಎಂ ಕಂಪ್ನಿ 1977ರ ಮಾರ್ಚಲ್ಲಿ ಬಕಿಂಗ್‌ಹ್ಯಾಮ್ ಅರಮನೆ ಮುಂದೆ ಸೈನ್ ಹಾಕಿಸ್ಕೊಂಡು ಒಂದು ವಾರಕ್ಕೆ ಓಡಿಸ್ತು, ಕೊನೆಗೆ ವರ್ಜಿನ್. ರಾಣಿಯ ಸಿಲ್ವರ್ ಜುಬಿಲಿ ಹೊತ್ತಿಗೆ ಬಂದ ಅವ್ರ ‘ಗಾಡ್ ಸೇವ್ ದ ಕ್ವೀನ್’ ಹಾಡನ್ನ ಬಿಬಿಸಿ ಬ್ಯಾನ್ ಮಾಡ್ತು, ಆದ್ರೂ ಚಾರ್ಟಲ್ಲಿ 2ನೇ ಜಾಗ. 1978ರ ಜನವರೀಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೊನೇ ಶೋ ಮುಗಿಸಿ, ಮೋಸ ಹೋದ್ವಿ ಅಂತ ನಿಮ್ಗೆ ಯಾವತ್ತಾದ್ರೂ ಅನ್ಸಿದ್ಯಾ ಅಂತ ಗಾಯಕ ಜಾನಿ ರಾಟನ್ ಜನಕ್ಕೇ ಕೇಳ್ದ. ಅದೇ ಮನುಷ್ಯ 2008ರಲ್ಲಿ ಬೆಣ್ಣೆ ಜಾಹೀರಾತಲ್ಲಿ ಬಂದ, ನಂಗಂತೂ ನಗು ತಡ್ಕೊಳ್ಳೋಕಾಗ್ಲಿಲ್ಲ. ಆದ್ರೆ ಇದೇ ಅಸಹ್ಯ ಪಟ್ಕೊಂಡು ಬೇರೆ ದಾರಿ ಹಿಡಿದೋರೂ ಇದಾರೆ. ವಾಷಿಂಗ್ಟನ್ನಲ್ಲಿ ಇಯನ್ ಮಕಾಯ್ ಮತ್ತು ಗೆಳೆಯರು 1980ರಲ್ಲಿ ಡಿಸ್ಕಾರ್ಡ್ ಅಂತ ಸ್ವಂತ ಲೇಬಲ್ ಮಾಡಿದ್ರು, ಮಕಾಯ್‌ನ ಮೈನರ್ ಥ್ರೆಟ್ ಬ್ಯಾಂಡು ಕುಡಿಯಲ್ಲ ಡ್ರಗ್ಸ್ ಮುಟ್ಟಲ್ಲ ಅಂತ ಸಾರಿದ ಹಾಡು ಬರೀ 46 ಸೆಕೆಂಡು. ಅವನ ಆಮೇಲಿನ ಬ್ಯಾಂಡ್ ಫುಗಾಝಿ ವರ್ಷಗಟ್ಲೆ ಟಿಕೆಟ್ ರೇಟನ್ನ 5 ಡಾಲರ್ ಆಸುಪಾಸಲ್ಲೇ ಹಿಡಿದಿಟ್ಟಿತ್ತು. ಪಂಕ್ ಅಂದ್ರೆ ಕುಡ್ಕರ ಗದ್ದಲ ಅನ್ಕೊಂಡಿರೋರು ಮೊದಲು ಈ ಕಡೆ ಬನ್ನಿ.

ಹೆಜ್ಜೆ 4: ಅದಕ್ಕೂ ಹಿಂದಿನ ಮೂರು ವರ್ಷ ಏನಿತ್ತು ಅಂತ ಒಂದ್ಸಲ ಕೇಳಿ

ಪಂಕ್ ಯಾಕೆ ಅಷ್ಟು ಮೊಂಡಾಗಿ ಕೇಳಿಸತ್ತೆ ಅನ್ನೋದು ಅದು ಯಾವ್ದಕ್ಕೆ ಎದುರು ನಿಂತಿತ್ತು ಅಂತ ಗೊತ್ತಿಲ್ದೇ ತಿಳಿಯಲ್ಲ. ಯೆಸ್ ಅನ್ನೋ ಪ್ರಾಗ್ (ಉದ್ದುದ್ದ, ಜಟಿಲ ಹಾಡುಗಳ ರಾಕ್) ಬ್ಯಾಂಡಿನ 1973ರ ‘ಟೇಲ್ಸ್ ಫ್ರಮ್ ಟೋಪೋಗ್ರಾಫಿಕ್ ಓಷನ್ಸ್’ ಹಾಕಿ. ಜೋಡಿ ಆಲ್ಬಮ್, 80 ನಿಮಿಷದ ಹತ್ತಿರ, ಹಾಡು ನಾಲ್ಕೇ ನಾಲ್ಕು. ಐಡಿಯಾ ಬಂದಿದ್ದು ಎಲ್ಲಿಂದ ಅಂದ್ರೆ ಪರಮಹಂಸ ಯೋಗಾನಂದರ ಆತ್ಮಕಥೇಲಿರೋ ಒಂದು ಅಡಿಟಿಪ್ಪಣಿಯಿಂದ! ಒಂದು ಅಡಿಟಿಪ್ಪಣಿಗೆ 80 ನಿಮಿಷ. ಅವ್ರದ್ದೇ ಕೀಬೋರ್ಡ್ ಪ್ಲೇಯರ್ ರಿಕ್ ವೇಕ್‌ಮನ್‌ಗೆ ಇದು ಎಷ್ಟು ಬೋರ್ ಹೊಡೀತು ಅಂದ್ರೆ ಮ್ಯಾಂಚೆಸ್ಟರಿನ ಫ್ರೀ ಟ್ರೇಡ್ ಹಾಲಲ್ಲಿ ಶೋ ನಡೀತಿರುವಾಗ್ಲೇ ಸ್ಟೇಜ್ ಮೇಲೆ ಕೂತು ಕರ್ರಿ ತಿಂದ.

ಅದೇ ಕಟ್ಟಡದ ಮಹಡಿ ಮೇಲೆ ಲೆಸ್ಸರ್ ಫ್ರೀ ಟ್ರೇಡ್ ಹಾಲ್ ಅಂತ ಚಿಕ್ಕ ಹಾಲಿತ್ತು. 1976 ಜೂನ್ 4ಕ್ಕೆ ಅಲ್ಲಿ ಸೆಕ್ಸ್ ಪಿಸ್ಟಲ್ಸ್ ಬಾರ್ಸಿದ್ರು, ಕರೆಸಿದ್ದು ಬಜ್‌ಕಾಕ್ಸ್ ಹುಡುಗ್ರು, ಬಂದಿದ್ದ ಜನಾನೇ ಕಮ್ಮಿ. ಬಂದವ್ರಲ್ಲಿ ಪೀಟರ್ ಹುಕ್ ಅನ್ನೋನು ಮಾರನೇ ದಿನಾನೇ ಹೋಗಿ ಒಂದು ಬಾಸ್ ಗಿಟಾರ್ ಕೊಂಡ್ಕೊಂಡ, ಮುಂದೆ ಜಾಯ್ ಡಿವಿಷನ್ ಅನ್ನೋ ಬ್ಯಾಂಡ್ ಆಗಿದ್ದು ಅದೇ. ಪಂಕ್ ಪ್ರೀತ್ಸೋರಿಗೆ ಯಾಕೆ ಅಷ್ಟು ಹುಚ್ಚು ಅಂತ ಕೇಳಿದ್ರೆ ಇದಕ್ಕಿಂತ ಚೆನ್ನಾಗಿ ನಂಗೆ ಹೇಳೋಕೆ ಬರಲ್ಲ. ಯೆಸ್ ಶೋ ನೋಡಿ ಮನೆಗೆ ಬಂದವ್ನಿಗೆ ‘ನನ್ನ ಕೈಲಿ ಈ ಜನ್ಮದಲ್ಲಿ ಆಗಲ್ಲ’ ಅನ್ಸತ್ತೆ, ಪಿಸ್ಟಲ್ಸ್ ನೋಡಿದವ್ನಿಗೆ ‘ಅಯ್ಯೋ ಇಷ್ಟೇನಾ, ನಾನೂ ಮಾಡ್ತೀನಿ’ ಅನ್ಸತ್ತೆ. ಮೊದಲನೇದನ್ನ ಬಯಸಿ ಸಂಗೀತಕ್ಕೆ ಬರೋರಿಗೆ ಪಂಕ್ ಹಿಡಿಸಲ್ಲ, ಅದ್ರಲ್ಲಿ ತಪ್ಪೇನಿಲ್ಲ, ಬೆರಗು ಪಡೋಕೆ ಬಂದವ್ರಿಗೆ ‘ನೀನೂ ಮಾಡು’ ಅಂದ್ರೆ ಮೋಸ ಅನ್ಸತ್ತೆ.

ಊರಿನ ಪರಿಸ್ಥಿತೀನೂ ಸೇರ್ಸ್ಕೊಳ್ಳಿ: ನ್ಯೂಯಾರ್ಕ್ ನಗರ 1975ರಲ್ಲಿ ದಿವಾಳಿ ಅಂಚಿಗೆ ಹೋಗಿತ್ತು, ಬ್ರಿಟನ್ 1976ರಲ್ಲಿ ಐಎಂಎಫ್ ಹತ್ರ ಸಾಲಕ್ಕೆ ಕೈಚಾಚ್ತು, ಕೆಲ್ಸ ಇಲ್ದೇ ಇರೋರ ಸಂಖ್ಯೆ ಹತ್ತು ಲಕ್ಷ ದಾಟಿತ್ತು. ಶಾಲೆ ಮುಗಿಸಿ ಕೆಲ್ಸ ಇಲ್ದೇ ಕ್ಯೂನಲ್ಲಿ ನಿಂತಿದ್ದ ಹುಡುಗ್ರಿಗೆ ಅಡಿಟಿಪ್ಪಣಿ ಮೇಲಿನ ಸಂಗೀತ ಬೇಕಿರ್ಲಿಲ್ಲ.

ಒಂದು ಮಾತು ಮಾತ್ರ: ಪಂಕ್‌ನವ್ರು ಪ್ರಾಗ್ ಕೇಳ್ತಾನೇ ಇರ್ಲಿಲ್ಲ ಅನ್ನೋದು ಕಟ್ಟುಕಥೆ. ಪಿಂಕ್ ಫ್ಲಾಯ್ಡ್ ಟೀ ಶರ್ಟ್ ಮೇಲೆ ‘ಐ ಹೇಟ್’ ಅಂತ ಬರ್ಕೊಂಡು ತಿರುಗಿದ ರಾಟನ್ 1977ರಲ್ಲಿ ಲಂಡನ್ನಿನ ಕ್ಯಾಪಿಟಲ್ ರೇಡಿಯೋಗೆ ಹೋಗಿ ತನಗಿಷ್ಟವಾದ ಹಾಡು ಅಂತ ಹಾಕಿದ್ದು ಡಬ್ ರೆಗ್ಗೇ, ಕ್ಯಾಪ್ಟನ್ ಬೀಫ್‌ಹಾರ್ಟ್, ಪ್ರಾಗ್ ಕಡೆಯವನೇ ಆದ ಪೀಟರ್ ಹ್ಯಾಮಿಲ್.

ಹೆಜ್ಜೆ 5: ಮೆಟಲ್ ಕಡೆಯವ್ರಿಗೆ ಹಿಂದಿನ ಬಾಗಿಲು

ಐರನ್ ಮೇಡನ್ನಲ್ಲಿ ಬಾಸ್ ಬಾರ್ಸೋ ಸ್ಟೀವ್ ಹ್ಯಾರಿಸ್‌ಗೆ ಪಂಕ್ ಕಂಡ್ರೆ ಆಗಲ್ಲ, ಶುರುವಿನ ದಿನಗಳಲ್ಲಿ ಕೂದ್ಲು ಕತ್ತರಿಸ್ಕೊಂಡು ಪಂಕ್ ಆಗಿ ಅಂತ ಕಂಪ್ನಿಯವ್ರು ಹೇಳಿದ್ದಕ್ಕೆ ಒಪ್ಪಲಿಲ್ಲ ಅನ್ನೋ ಕಥೇನ ಆತ ಹೇಳ್ಕೊಂಡಿದಾನೆ. ಸರಿ. ಆದ್ರೆ ನೀವು ಮೆಟಾಲಿಕಾ ಅಭಿಮಾನಿ ಆಗಿದ್ರೆ ನೀವಾಗ್ಲೇ ಪಂಕ್ ಕೇಳ್ತಿದ್ದೀರಿ, ಗೊತ್ತಿಲ್ಲ ಅಷ್ಟೇ. ಅದ್ರ ಗಾಯಕ ಮತ್ತು ಗಿಟಾರಿಸ್ಟ್ ಜೇಮ್ಸ್ ಹೆಟ್‌ಫೀಲ್ಡ್‌ನ ಆ ಕೆಳಮುಖ ಏಟಿನ ರಿದಮ್ಮಿಗೂ ಜಾನಿ ರಮೋನ್ ಕೈಗೂ ನಂಟಿದೆ, 2003ರ ರಮೋನ್ಸ್ ಗೌರವದ ಆಲ್ಬಮಲ್ಲಿ ಮೆಟಾಲಿಕಾನೂ ಒಂದು ಹಾಡು ಹಾಡಿದೆ. ಮೆಟಾಲಿಕಾದ್ದೇ 1987ರ ಗರಾಜ್ ಡೇಸ್ ರೆಕಾರ್ಡಲ್ಲಿ ಪಂಕ್ ಬ್ಯಾಂಡ್ ಮಿಸ್‌ಫಿಟ್ಸ್ ಹಾಡು, 1998ರ ‘ಗರಾಜ್ ಇಂಕ್’ನಲ್ಲಿ ಡಿಸ್ಚಾರ್ಜ್ ಬ್ಯಾಂಡಿನ ಎರಡು ಹಾಡು. ಅವ್ರ ಬಾಸಿಸ್ಟ್ ಕ್ಲಿಫ್ ಬರ್ಟನ್ ಹಾಕ್ತಿದ್ದ ಟೀ ಶರ್ಟ್ ಮೇಲಿನ ತಲೆಬುರುಡೆ ಮಿಸ್‌ಫಿಟ್ಸ್‌ದೇ. ಮೆಟಲ್ ಬ್ಯಾಂಡ್ ಸ್ಲೇಯರ್ 1996ರಲ್ಲಿ ಹೆಚ್ಚುಕಮ್ಮಿ ಇಡೀ ಒಂದು ಆಲ್ಬಮ್ಮನ್ನೇ ಪಂಕ್ ಹಾಡುಗಳಿಗೆ ಮೀಸಲಿಟ್ಟಿತ್ತು.

ನಿಮ್ಗೆ ದಾರಿ ಹೀಗೆ: ಮೊದಲು ಮೆಟಾಲಿಕಾ ಹಾಡಿದ ಡಿಸ್ಚಾರ್ಜ್ ಹಾಡು, ಆಮೇಲೆ ಡಿಸ್ಚಾರ್ಜ್ ತಾವೇ ಮಾಡಿದ 1982ರ ‘ಹಿಯರ್ ನಥಿಂಗ್ ಸೀ ನಥಿಂಗ್ ಸೇ ನಥಿಂಗ್’, ಅಲ್ಲಿಂದ ಬ್ಲ್ಯಾಕ್ ಫ್ಲಾಗ್ 1981ರ ‘ಡ್ಯಾಮೇಜ್ಡ್’, ಆಮೇಲೆ ಬೇಕಾದ್ರೆ ಹಿಂದಕ್ಕೆ 1977. ರಮೋನ್ಸ್ ಇಂದ ಶುರು ಮಾಡಿದ್ರೆ ಮೆಟಲ್ ಕಿವಿಗೆ ಅದು ಮಕ್ಕಳಾಟ ಅನ್ಸತ್ತೆ, ಆ ಕಡೆಯಿಂದ ಬಂದ್ರೆ ಅನ್ಸಲ್ಲ.

ಹೆಜ್ಜೆ 6: ನೀವೇ ಒಂದು ಬಾರ್ಸಿ

1977ರ ಜನವರೀಲಿ ‘ಸೈಡ್‌ಬರ್ನ್ಸ್’ ಅನ್ನೋ ಕೈಬರಹದ ಪತ್ರಿಕೇಲಿ ಮೂರು ಕಾರ್ಡಿನ ಚಿತ್ರ ಬಿಡಿಸಿ, ಇದೊಂದು, ಇದು ಇನ್ನೊಂದು, ಇದು ಮೂರನೇದು, ಈಗ ಹೋಗಿ ಬ್ಯಾಂಡ್ ಕಟ್ಟಿ ಅಂತ ಬರೆದಿದ್ರು. ಮನೇಲಿ ಯಾರದ್ದಾದ್ರೂ ಗಿಟಾರ್ ಧೂಳು ಹಿಡೀತಾ ಇದ್ರೆ ತಗೊಳ್ಳಿ. ದಪ್ಪ ತಂತಿ 6ನೇದು. ತೋರುಬೆರಳು 6ನೇ ತಂತಿಯ 5ನೇ ಫ್ರೆಟ್ಟಿಗೆ, ಉಂಗುರ ಬೆರಳು 5ನೇ ತಂತಿಯ 7ನೇ ಫ್ರೆಟ್ಟಿಗೆ: ಇದು ಎ. ಅದೇ ಆಕಾರ ಒಂದು ತಂತಿ ಕೆಳಗೆ ಇಳಿಸಿ, 5ನೇ ತಂತಿ 5ನೇ ಫ್ರೆಟ್, 4ನೇ ತಂತಿ 7ನೇ ಫ್ರೆಟ್: ಡಿ. ಅದನ್ನ ಎರಡು ಫ್ರೆಟ್ ಮುಂದಕ್ಕೆ ಜಾರ್ಸಿ: ಇ. ಬೇರೆ ತಂತಿ ಸದ್ದು ಮಾಡ್ದ ಹಾಗೆ ಬೆರಳಿನ ಒಳಭಾಗದಿಂದ ಲೈಟಾಗಿ ಮುಟ್ಕೊಂಡಿರಿ. ಹೊಡೆಯೋದು ಕೆಳಕ್ಕೆ ಮಾತ್ರ. 1ನೇ ಹೆಜ್ಜೆಯ ಹಾಡು ಮುಕ್ಕಾಲು ಪಾಲು ಈ ಮೂರರಲ್ಲೇ ನಿಲ್ಲತ್ತೆ.

ಮೆಟ್ರೊನೋಮ್ 100ಕ್ಕೆ ಇಟ್ಟು ಶುರು ಮಾಡಿ, ನಿಧಾನಕ್ಕೆ ಏರ್ಸಿ. ಮಣಿಕಟ್ಟು ಬಿಗಿ ಆದ್ರೆ ನಿಲ್ಲಿಸಿ, ಹೀರೋ ಆಗೋಕೆ ಹೋಗ್ಬೇಡಿ. ಬಾರ್ಸಿದ ಮೇಲೆ ಅದೇ ರೆಕಾರ್ಡು ಬೇರೆ ಥರ ಕೇಳ್ಸಕ್ಕೆ ಶುರುವಾಗತ್ತೆ, ಇಷ್ಟ ಆಗ್ದೇ ಇದ್ರೂ ಅದ್ರೊಳಗೆ ಏನು ನಡೀತಿದೆ ಅಂತ ಕಾಣತ್ತೆ.

ಹೆಜ್ಜೆ 7: ಇನ್ನೂ ಹಿಡಿಸ್ಲಿಲ್ವಾ?

ಬಿಟ್ಬಿಡಿ. ಆದ್ರೆ ಅದ್ರ ಮಕ್ಕಳನ್ನ ಒಂದ್ಸಲ ನೋಡಿ ಬಿಡಿ. ಜಾಯ್ ಡಿವಿಷನ್‌ನ 1979ರ ‘ಅನ್‌ನೋನ್ ಪ್ಲೆಷರ್ಸ್’ ಇದೆ, ಆ ಬಿಳಿ ಗೆರೆ ಬೆಟ್ಟದ ಟೀ ಶರ್ಟು ನಮ್ಮ ಮಾಲುಗಳಲ್ಲೂ ನೋಡಿರ್ತೀರಿ. ಟಾಕಿಂಗ್ ಹೆಡ್ಸ್ ಇದೆ, ಇವ್ರೂ ಸಿಬಿಜಿಬಿಯವ್ರೇ, ಕುಣಿಯೋಕೆ ಬರೋ ಸಂಗೀತ. ಪಂಕ್ ಕಂಡ್ರಾಗದ ಎಷ್ಟೋ ಜನಕ್ಕೆ ಇವು ಪ್ರಾಣ.

ಗ್ರೀನ್ ಡೇ ಬ್ಯಾಂಡ್ ಕೇಳಿ ‘ನಂಗೆ ಪಂಕ್ ಇಷ್ಟ’ ಅಂದ್ರೆ ಯಾರಾದ್ರೂ ಹಳೇ ಹುಲಿ ಬಂದು ‘ಅದು ಪಂಕೇ ಅಲ್ಲ’ ಅಂತ ಪಾಠ ಮಾಡ್ತಾರೆ, ತಲೆಕೆಡಿಸ್ಕೋಬೇಡಿ. ಅಮೆರಿಕದ ಬರ್ಕ್ಲಿಯ 924 ಗಿಲ್ಮನ್ ಸ್ಟ್ರೀಟ್ ಅನ್ನೋ ಕ್ಲಬ್ಬು ಸ್ವಯಂಸೇವಕರು ನಡೆಸೋದು, ದೊಡ್ಡ ಕಂಪ್ನಿ ಜೊತೆ ಸೈನ್ ಮಾಡಿದ ಬ್ಯಾಂಡಿಗೆ ಅಲ್ಲಿ ಪ್ರವೇಶ ಇಲ್ಲ. ಗ್ರೀನ್ ಡೇ ಅಲ್ಲೇ ಬೆಳೆದಿದ್ದು, 1994ರ ‘ಡೂಕಿ’ಗಾಗಿ ಸೈನ್ ಮಾಡಿದ ಮೇಲೆ ಆ ವೇದಿಕೆ ತಪ್ಪಿತು, ಮತ್ತೆ ಅಲ್ಲಿ ಬಾರ್ಸಿದ್ದು 2015ರ ಮೇ 17ಕ್ಕೆ, ಬೆಂಕಿ ಬಿದ್ದು ನಷ್ಟ ಆದ ಒಂದು ಪುಸ್ತಕ ಪ್ರಕಾಶನ ಮತ್ತು ಪ್ರೆಸ್ಸಿಗೆ ದುಡ್ಡು ಎತ್ತೋಕೆ. ಈ ಜಗಳ ಅವ್ರ ಮನೆ ಒಳಗಿಂದು, ನೀವು ಡೂಕಿ ಹಾಕ್ಕೊಂಡು ಕೇಳಿ.

ಲೈವ್ ನೋಡೋ ಅವಕಾಶ ಸಿಕ್ಕಿದ್ರೆ ಬಿಡ್ಬೇಡಿ, ರೆಕಾರ್ಡಲ್ಲಿ ಇಷ್ಟ ಆಗ್ದೇ ಇರೋದು ಹತ್ತಿರ ನಿಂತಾಗ ಇಷ್ಟ ಆಗೋದು ಪಂಕ್‌ನಲ್ಲಿ ಮಾಮೂಲು. ಇಂಡಿಯಾದಲ್ಲಿ ಪಂಕ್ ಬ್ಯಾಂಡ್‌ಗಳು ಕಮ್ಮಿ, ಮುಂಬೈನ ದ ರಯಟ್ ಪೆಡ್ಲರ್ಸ್ ಥರ ಅಲ್ಲೊಂದು ಇಲ್ಲೊಂದು, ಆದ್ರೆ ಊರಿನ ಮೆಟಲ್ ಶೋಗಳಲ್ಲೇ ಪಂಕ್‌ನ ಇನ್ನೂ ಬಿರುಸು ರೂಪವಾದ ಹಾರ್ಡ್‌ಕೋರ್ ಬ್ಯಾಂಡೂ ಕೆಲವು ಸಲ ಇರತ್ತೆ, ಪೋಸ್ಟರ್ ನೋಡಿ. ಲೇಸು ಗಟ್ಟಿಯಾಗಿ ಕಟ್ಟಿದ ಶೂ ಹಾಕ್ಕೊಳ್ಳಿ, ಚಪ್ಪಲಿ ಬೇಡ್ವೇ ಬೇಡ. ಮೆಡಿಕಲ್ ಸ್ಟೋರಲ್ಲಿ ಸಿಗೋ ಸ್ಪಂಜಿನ ಇಯರ್‌ಪ್ಲಗ್ ಸಾಕು, ಶುರು ಆಗೋ ಮುಂಚೆನೇ ಹಾಕ್ಕೊಳ್ಳಿ. ಕನ್ನಡಕ ಇದ್ರೆ ಜೇಬಿಗೆ. ಮುಂದೆ ನೂಕಾಟ ಶುರುವಾದ್ರೆ ಅಂಚಲ್ಲಿ ಸೌಂಡ್ ಡೆಸ್ಕ್ ಪಕ್ಕ ನಿಂತ್ಕೊಳ್ಳಿ, ಸದ್ದೂ ಅಲ್ಲೇ ಚೆನ್ನಾಗಿ ಕೇಳಿಸೋದು. ಒಳಗೆ ನುಗ್ಗೋದಾದ್ರೆ ಒಂದೇ ನಿಯಮ, ಯಾರು ಬಿದ್ರೂ ಕುಣಿಯೋದು ನಿಲ್ಲಿಸಿ ಮೊದಲು ಎತ್ತಬೇಕು.